‘ಗೇಮ್ ಆಡಿ ಕೆಟ್ಟ’ ಅನ್ನೋ ಕತೆ ಹುಟ್ಟಿದ್ದೆಲ್ಲಿ? ಸಿನಿಮಾದಿಂದ ಕಾನೂನಿನವರೆಗೆ

ಬಸವನ ಬಾಗೇವಾಡಿ ಇರಲಿ, ಸಿಂದಗಿ ಇರಲಿ, ನಾಲ್ಕು ಹುಡುಗರು ಮೊಬೈಲ್ ಹಿಡಿದು ಒಂದು ಕಟ್ಟೆ ಮೇಲೆ ಕೂತರೆ ‘ಗೇಮ್ ಆಡಿ ಹಾಳಾಗ್ಯಾವ್ ನೋಡ್ರಿ ಹುಡ್ಗೂರು’ ಅನ್ನೋ ಮಾತು ಬಂದೇ ಬರುತ್ತದೆ. ಗೇಮ್ ಆಡುವವನೆಂದರೆ ಒಂಟಿ, ಸೋಮಾರಿ, ತಲೆ ಕೆಟ್ಟವನು, ಎಂದಾದರೂ ಅಪಾಯಕಾರಿ ಆಗುವವನು. ಈ ಚಿತ್ರ ಮೊಬೈಲ್ ಜೊತೆ ಬಂದದ್ದಲ್ಲ. ಇದಕ್ಕೆ ನಲವತ್ತು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ, ಅದರಲ್ಲಿ ಸಿನಿಮಾದ ಪಾಲು ದೊಡ್ಡದು.

ಪಾತ್ರಧಾರಿ ಆಟ ಅಂದರೇನು?

1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ ಹೊರತಂದರು. ಇದಕ್ಕೆ ಸ್ಕ್ರೀನ್ ಬೇಕಿಲ್ಲ. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಯೋಧ, ಒಬ್ಬರು ಮಾಂತ್ರಿಕ, ಒಬ್ಬರು ಕಳ್ಳ ಹೀಗೆ ಪಾತ್ರ ಹಾಕಿಕೊಳ್ಳುತ್ತಾರೆ. ‘ಡಂಜನ್ ಮಾಸ್ಟರ್’ ಕತೆ ನಡೆಸುತ್ತಾರೆ. ಕತ್ತಿ ಬೀಸಿದ್ದು ತಗುಲಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ.

ನಮ್ಮ ಕಡೆಯವರಿಗೆ ಇದು ತೀರಾ ಹೊಸದೇನಲ್ಲ. ದೊಡ್ಡಾಟದಲ್ಲಿ ಪಾತ್ರವೊಂದು ರಂಗಕ್ಕೆ ಬಂದಾಗ ಸಾರಥಿ ಎದುರು ನಿಂತು ನೀವು ಯಾರು, ಬಂದ ಕಾರಣವೇನು ಎಂದು ಕೇಳುತ್ತಾನೆ, ಕತೆ ಮುಂದೆ ಸಾಗುತ್ತದೆ. ವ್ಯತ್ಯಾಸ ಇಷ್ಟೇ: ದೊಡ್ಡಾಟದ ಕತೆ ಮೊದಲೇ ಗೊತ್ತು, ಅಲ್ಲಿ ದಾಳ ಉರುಳುವವರೆಗೂ ಗೊತ್ತಿಲ್ಲ. ರಾತ್ರಿಯಿಡೀ ದುರ್ಯೋಧನನ ಪಾತ್ರ ಮಾಡಿದವನು ಬೆಳಿಗ್ಗೆ ಎದ್ದು ಗದೆ ಹಿಡಿದು ಊರಿಗೆ ನುಗ್ಗುತ್ತಾನೆಂದು ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಯಾರೂ ಹೆದರುವುದಿಲ್ಲ. ಅಮೆರಿಕ ಮಾತ್ರ ಅದಕ್ಕೇ ಹೆದರಿತು.

ಹೆದರಿಕೆ ಹುಟ್ಟಿದ್ದು ಹೇಗೆ?

1979ರ ಆಗಸ್ಟ್‌ನಲ್ಲಿ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ 16 ವರ್ಷದ ವಿದ್ಯಾರ್ಥಿಯೊಬ್ಬ ಕಾಣೆಯಾದ. ಕ್ಯಾಂಪಸ್ಸಿನ ನೆಲದಡಿಯ ಸುರಂಗಗಳಲ್ಲಿ ಆಟವನ್ನು ನಿಜವಾಗಿ ಆಡಲು ಹೋಗಿ ಕಳೆದುಹೋಗಿದ್ದಾನೆಂದು ಖಾಸಗಿ ಪತ್ತೇದಾರ ವಿಲಿಯಂ ಡಿಯರ್ ಊಹಿಸಿದರು. ಪತ್ರಿಕೆಗಳಿಗೆ ಅಷ್ಟೇ ಸಾಕಾಯಿತು. ಹುಡುಗ ಸುಮಾರು ಒಂದು ತಿಂಗಳ ನಂತರ ಲೂಯಿಸಿಯಾನಾದಲ್ಲಿ ಸಿಕ್ಕ. ಅವನು ಖಿನ್ನತೆ ಮತ್ತು ಓದಿನ ಒತ್ತಡದಲ್ಲಿದ್ದ. ಕಾರಣ ಆಟವಲ್ಲ ಎಂದು ಡಿಯರ್ 1984ರಲ್ಲಿ ಪುಸ್ತಕವನ್ನೇ ಬರೆದರು.

ಅಷ್ಟರಲ್ಲಿ ತಡವಾಗಿತ್ತು. ಅದೇ ಸುದ್ದಿಯ ಎಳೆ ಹಿಡಿದು ರೋನಾ ಜಾಫ್ 1981ರಲ್ಲಿ ‘ಮೇಜಸ್ ಅಂಡ್ ಮಾನ್‌ಸ್ಟರ್ಸ್’ ಕಾದಂಬರಿ ಬರೆದರು, 1982ರ ಡಿಸೆಂಬರ್‌ನಲ್ಲಿ ಅದು ಟಿವಿ ಸಿನಿಮಾ ಆಯಿತು. ಯುವಕ ಟಾಮ್ ಹ್ಯಾಂಕ್ಸ್ ಅದರಲ್ಲಿ ಆಟ ಯಾವುದು, ಬದುಕು ಯಾವುದು ತಿಳಿಯದೆ ಬುದ್ಧಿ ಕಳೆದುಕೊಳ್ಳುವ ವಿದ್ಯಾರ್ಥಿ. ಸುಳ್ಳು ಊಹೆ ಪತ್ತೇದಾರನ ಬಾಯಿಂದ ಪೇಪರಿಗೆ, ಪೇಪರಿನಿಂದ ಪರದೆಗೆ ಹೋಯಿತು. ಪರದೆ ಮೇಲೆ ಕಂಡದ್ದು ಜನರ ನೆನಪಿನಲ್ಲಿ ನಿಜವಾಗಿ ಉಳಿಯಿತು. 1983ರಲ್ಲಿ ಪೆಟ್ರೀಷಿಯಾ ಪುಲ್ಲಿಂಗ್ ಎಂಬ ತಾಯಿ, ಮಗನ ಆತ್ಮಹತ್ಯೆಗೆ ಆಟವೇ ಕಾರಣವೆಂದು ನಂಬಿ, ಅದರ ವಿರುದ್ಧ ಸಂಘಟನೆಯನ್ನೇ ಕಟ್ಟಿದರು. ಆಟವೆಂದರೆ ಸೈತಾನ ಪೂಜೆ ಎಂಬ ಪ್ರಚಾರವೂ ಸೇರಿಕೊಂಡಿತು.

ಸಿನಿಮಾ ತನ್ನ ಮಾತು ಬದಲಿಸಿತೇ?

ನಿಧಾನವಾಗಿ ಬದಲಿಸಿತು. 2000ದಲ್ಲಿ ಮುಗಿದ ‘ಫ್ರೀಕ್ಸ್ ಅಂಡ್ ಗೀಕ್ಸ್’ ಸರಣಿಯ ಕೊನೆಯ ಕಂತಿನಲ್ಲಿ ಶಾಲೆಯ ಪೋಕರಿ ಹುಡುಗ ‘ಪುಸ್ತಕದ ಹುಳು’ಗಳ ಜೊತೆ ಕೂತು ಆಡಿ ಖುಷಿಪಡುತ್ತಾನೆ. 2016ರಲ್ಲಿ ಬಂದ ‘ಸ್ಟ್ರೇಂಜರ್ ಥಿಂಗ್ಸ್’ನಲ್ಲಿ ಆಟ ಸ್ನೇಹದ ಭಾಷೆ. ಅದರ 2022ರ ನಾಲ್ಕನೇ ಸೀಸನ್ ಆ ಹಳೇ ಭೀತಿಯನ್ನೇ ಕತೆ ಮಾಡಿಕೊಂಡಿತು: ಆಟದ ಕ್ಲಬ್ ನಡೆಸುವ ಎಡ್ಡಿಯನ್ನು ಊರು ಕೊಲೆಗಾರ ಎಂದು ಬೇಟೆಯಾಡುತ್ತದೆ, ಮುಂದೆ ನಿಲ್ಲುವವನು ಎಲ್ಲರೂ ಮೆಚ್ಚುವ ಬ್ಯಾಸ್ಕೆಟ್‌ಬಾಲ್ ನಾಯಕ. 2023ರ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್: ಆನರ್ ಅಮಾಂಗ್ ಥೀವ್ಸ್’ ಆಟಗಾರರನ್ನು ತೋರಿಸುವ ಗೋಜಿಗೇ ಹೋಗದೆ ನೇರ ಆ ಲೋಕದೊಳಗೆ ಇಳಿಯಿತು.

ಒಂದು ಮಾತು ಉಳಿಯುತ್ತದೆ. ‘ತಲೆ ಕೆಟ್ಟವನು’ ಹೋಗಿ ‘ಮುದ್ದಾದ ಪೆದ್ದ’ ಬಂದ, ಆದರೆ ಅವನು ಹೆಚ್ಚಾಗಿ ಹುಡುಗನೇ. ಆಡುವ ಹೆಣ್ಣುಮಕ್ಕಳು ಪರದೆ ಮೇಲೆ ಈಗಲೂ ಕಡಿಮೆ.

ಕರ್ನಾಟಕಕ್ಕೆ ಇದರಿಂದ ಏನು?

2019ರ ಸೆಪ್ಟೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ಯುವಕನೊಬ್ಬ ತಂದೆಯನ್ನು ಕೊಂದಾಗ ದೇಶದ ತುಂಬ ತಲೆಬರಹದಲ್ಲಿ ನಿಂತದ್ದು ‘ಪಬ್ಜಿ’. ಮರುವರ್ಷ, 2020ರ ಸೆಪ್ಟೆಂಬರ್ 2ರಂದು ಕೇಂದ್ರ ಪಬ್ಜಿ ಸೇರಿ 118 ಆ್ಯಪ್ ನಿಷೇಧಿಸಿತು. ಆ ಆದೇಶ ಕೊಟ್ಟ ಕಾರಣ ದೇಶದ ಭದ್ರತೆ, ಬಳಕೆದಾರರ ಡೇಟಾ. ಮಕ್ಕಳ ಮನಸ್ಸಿನ ಆರೋಗ್ಯ ಅಲ್ಲ. ಆದರೂ ಮನೆಗಳಲ್ಲಿ ‘ಹುಡುಗರನ್ನ ಉಳಿಸಾಕ ಬ್ಯಾನ್ ಮಾಡ್ಯಾರ’ ಅಂತಲೇ ಮಾತಾಯಿತು.

ಮುಂದಿನದು ಕಾನೂನಿನ ಸರದಿ. 2021ರಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು, ಹಣ ಹಾಕಿ ಆಡುವ ಆನ್‌ಲೈನ್ ಆಟಗಳಿಗೆ, ಕೌಶಲದ ಆಟಗಳನ್ನೂ ಸೇರಿಸಿ, ಮೂರು ವರ್ಷದವರೆಗೆ ಜೈಲು ಇಟ್ಟಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ಕಲಮುಗಳನ್ನು ಅಸಾಂವಿಧಾನಿಕ ಎಂದು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹೊಸ ಕಾಯ್ದೆ ಮಾಡಿತು: ಹಣದ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಆಡುವವರಿಗೆ ಶಿಕ್ಷೆ ಇಲ್ಲ. ಇ-ಸ್ಪೋರ್ಟ್ಸ್‌ಗೆ ಮಾನ್ಯತೆ ಇದೆ.

ಇಲ್ಲೊಂದು ಪದದ ಗೊಂದಲವಿದೆ. ನಮ್ಮಲ್ಲಿ ‘ಫ್ಯಾಂಟಸಿ ಗೇಮ್’ ಅಂದರೆ ಡ್ರ್ಯಾಗನ್ ಅಲ್ಲ, ಡ್ರೀಮ್11 ಥರದ ಕ್ರಿಕೆಟ್ ಆಟ. ಹೀಗಾಗಿ ರಮ್ಮಿಯಲ್ಲಿ ಸಾಲ ಮಾಡಿಕೊಂಡವನು, ಪಬ್ಜಿ ಆಡುವವನು, ಗೆಳೆಯರ ಜೊತೆ ದಾಳ ಉರುಳಿಸುವವಳು ಮೂವರೂ ಒಂದೇ ಪಟ್ಟಿಗೆ ಬೀಳುತ್ತಾರೆ. ಮೊದಲನೆಯದರಲ್ಲಿ ಕಂಪನಿಯೊಂದು ಜೇಬಿಗೆ ಕೈ ಹಾಕುತ್ತಿದೆ, ಮೂರನೆಯದರಲ್ಲಿ ಯಾರೂ ಏನೂ ಕಳೆದುಕೊಳ್ಳುತ್ತಿಲ್ಲ. ಎರಡಕ್ಕೂ ಒಂದೇ ಹೆಸರಿಟ್ಟರೆ ಲಾಭ ಮೊದಲನೆಯ ಕಂಪನಿಗೆ.

ಹಾಗಾದರೆ ಚಟ ಅನ್ನೋದು ಸುಳ್ಳೇ?

ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ‘ಗೇಮಿಂಗ್ ಡಿಸಾರ್ಡರ್’ ಇದೆ, 2022ರ ಜನವರಿಯಿಂದ ಅದು ಜಾರಿಯಲ್ಲಿದೆ. ಆದರೆ ಅದರ ಅಳತೆ ಎಷ್ಟು ತಾಸು ಆಡಿದ ಅನ್ನೋದಲ್ಲ. ಆಟದ ಮೇಲೆ ಹಿಡಿತ ತಪ್ಪಿರಬೇಕು, ಉಳಿದೆಲ್ಲಕ್ಕಿಂತ ಆಟವೇ ಮುಖ್ಯವಾಗಿರಬೇಕು, ಹಾನಿ ಕಂಡರೂ ಬಿಡಲಾಗದಿರಬೇಕು, ಇದು ಸಾಮಾನ್ಯವಾಗಿ 12 ತಿಂಗಳಾದರೂ ಇರಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥವರಿಗಾಗಿ ‘ಷಟ್’ ಕ್ಲಿನಿಕ್ 2014ರಿಂದ ಇದೆ. ಬಾಗೇವಾಡಿಯಿಂದ ಬೆಂಗಳೂರು ಒಂದು ರಾತ್ರಿಯ ಬಸ್ ಪ್ರಯಾಣ. ಊರಲ್ಲೇ ಕೂತು ಕನ್ನಡದಲ್ಲಿ ಮಾತಾಡಬೇಕೆಂದರೆ ಟೆಲಿ-ಮಾನಸ್ ಸಹಾಯವಾಣಿ 14416 ಇದೆ, ಕರೆ ಉಚಿತ.

ಮುಂದಿನ ಸಲ ‘ಗೇಮ್ ಆಡಿ’ ಎಂದು ಶುರುವಾಗುವ ತಲೆಬರಹ ಕಂಡಾಗ ಮೂರು ಪ್ರಶ್ನೆ ಕೇಳಿ. ಯಾವ ಆಟ? ದುಡ್ಡು ಹೋಯಿತೇ, ಹೋದರೆ ಯಾರ ಕೈಗೆ? ಆ ಹುಡುಗ ಅಥವಾ ಹುಡುಗಿಯ ಮನಸ್ಸಿನ ನೋವನ್ನು ಅದಕ್ಕೂ ಮೊದಲು ಯಾರಾದರೂ ಕೇಳಿದ್ದರೇ? 1979ರಲ್ಲಿ ಈ ಮೂರನೇ ಪ್ರಶ್ನೆ ಕೇಳುವ ಬದಲು ಜನ ಸುರಂಗ ಹುಡುಕಿದರು. ಸಿಕ್ಕ ಹುಡುಗ ಮರುವರ್ಷ ತನ್ನ ಜೀವ ತಾನೇ ಕಳೆದುಕೊಂಡ.