ಪೂರ್ಣಾಂಕಗಳು ನಡೆದುಬಂದ ದಾರಿ

ಎಣಿಕೆಗೆ ಬಳಸುವ 1, 2, 3 ಮೊದಲಾದ ಸ್ವಾಭಾವಿಕ ಸಂಖ್ಯೆಗಳು, ಸೊನ್ನೆ, ಸೊನ್ನೆಗಿಂತ ಕಡಿಮೆಯಿರುವ −1, −2, −3 ಮೊದಲಾದ ಋಣಸಂಖ್ಯೆಗಳು: ಈ ಮೂರೂ ಸೇರಿದರೆ ಪೂರ್ಣಾಂಕಗಳು. ಪಠ್ಯಪುಸ್ತಕದಲ್ಲಿ ಇವು ಒಂದೇ ಅಧ್ಯಾಯದಲ್ಲಿ ಬಂದರೂ ಇತಿಹಾಸದಲ್ಲಿ ಒಟ್ಟಿಗೆ ಬಂದವಲ್ಲ. ಈಜಿಪ್ಟಿನ ಲೆಕ್ಕಿಗರು ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದಲ್ಲೇ ಹತ್ತು ಜನಕ್ಕೆ ರೊಟ್ಟಿ ಹಂಚುವ ಭಿನ್ನರಾಶಿಯ ಲೆಕ್ಕಗಳನ್ನು ಬರೆದಿಟ್ಟಿದ್ದರು. ಋಣಸಂಖ್ಯೆ ಬಂದದ್ದು ಅದಕ್ಕಿಂತ ಎಷ್ಟೋ ತಡವಾಗಿ. ಅದರಲ್ಲೂ ಲೆಕ್ಕ ಮಾಡುವ ನಿಯಮ ಮೊದಲು ಬಂತು, ಅರ್ಥ ಆಮೇಲೆ ಸ್ಪಷ್ಟವಾಯಿತು, ವ್ಯಾಖ್ಯೆ ಕೊನೆಗೆ ದೊರೆಯಿತು.

ಋಣಸಂಖ್ಯೆಗಳ ಹಳೆಯ ಬಳಕೆ ಕಾಣುವುದು ಚೀನಾದ ಹಾನ್ ಅರಸರ ಕಾಲದಲ್ಲಿ ರೂಪುಗೊಂಡ ‘ಒಂಬತ್ತು ಅಧ್ಯಾಯಗಳು’ ಎಂಬ ಗಣಿತಗ್ರಂಥದಲ್ಲಿ. ಅದರ ಎಂಟನೆಯ ಅಧ್ಯಾಯದ ಒಂದು ಲೆಕ್ಕ ಹೀಗಿದೆ: 2 ದನ, 5 ಕುರಿ ಮಾರಿ 13 ಹಂದಿ ಕೊಂಡರೆ 1000 ನಾಣ್ಯ ಉಳಿಯುತ್ತದೆ, 3 ದನ, 3 ಹಂದಿ ಮಾರಿದರೆ 9 ಕುರಿಗೆ ಸರಿಹೋಗುತ್ತದೆ, 6 ಕುರಿ, 8 ಹಂದಿ ಮಾರಿ 5 ದನ ಕೊಳ್ಳಹೋದರೆ 600 ನಾಣ್ಯ ಸಾಲದೆ ಬರುತ್ತದೆ. ಮಾರಿದ್ದನ್ನು ಧನ, ಕೊಂಡದ್ದನ್ನು ಋಣ ಎಂದು ಹಿಡಿದು ಬಿಡಿಸಿದರೆ ದನಕ್ಕೆ 1200, ಕುರಿಗೆ 500, ಹಂದಿಗೆ 300 ನಾಣ್ಯ ಬೆಲೆ ಬರುತ್ತದೆ. ಕ್ರಿ.ಶ. 263ರಲ್ಲಿ ಇದಕ್ಕೆ ವ್ಯಾಖ್ಯಾನ ಬರೆದ ಲಿಯು ಹುಯಿ, ಧನಕ್ಕೆ ಕೆಂಪು ಕಡ್ಡಿ, ಋಣಕ್ಕೆ ಕಪ್ಪು ಕಡ್ಡಿ ಇಡಬೇಕೆನ್ನುತ್ತಾನೆ. ಆದರೆ ಉತ್ತರವಾಗಿ ಋಣಸಂಖ್ಯೆ ಬರುವ ಲೆಕ್ಕ ಅಲ್ಲಿಲ್ಲ; ಅದು ನಡುವಿನ ಹಂತಗಳಲ್ಲಿ ಮಾತ್ರ ಕಾಣಿಸಿಕೊಳ್ಳುತ್ತದೆ.

ಸೊನ್ನೆಯನ್ನೂ ಋಣವನ್ನೂ ಧನದ ಸಾಲಿಗೆ ಸೇರಿಸಿ ಕೂಡುವ, ಕಳೆಯುವ, ಗುಣಿಸುವ, ಭಾಗಿಸುವ ನಿಯಮಗಳನ್ನು ಒಟ್ಟಾಗಿ ಕೊಟ್ಟವನು ಬ್ರಹ್ಮಗುಪ್ತ. ಅವನ ‘ಬ್ರಾಹ್ಮಸ್ಫುಟಸಿದ್ಧಾಂತ’ದ ಕಾಲ ಕ್ರಿ.ಶ. 628. ಎರಡು ಋಣಗಳ ಗುಣಲಬ್ಧ ಧನ, ಋಣ ಮತ್ತು ಧನಗಳ ಗುಣಲಬ್ಧ ಋಣ, ಸಮನಾದ ಧನ ಋಣಗಳ ಮೊತ್ತ ಸೊನ್ನೆ: ಇಂದಿಗೂ ತರಗತಿಯಲ್ಲಿ ಕಲಿಸುವ ಈ ನಿಯಮಗಳು ಅಲ್ಲಿವೆ. ಸೊನ್ನೆಯಿಂದ ಭಾಗಿಸುವಲ್ಲಿ ಮಾತ್ರ ಅವನು ಎಡವಿದ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಎಂದ.

ಈ ಪರಂಪರೆಯನ್ನು ಕನ್ನಡ ನಾಡಿನಲ್ಲಿ ಮುಂದುವರಿಸಿದವನು ಜೈನ ಗಣಿತಜ್ಞ ಮಹಾವೀರಾಚಾರ್ಯ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಅವನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ರಚಿಸಿದ. ಜ್ಯೋತಿಷ್ಯದ ಹಂಗಿಲ್ಲದೆ ಗಣಿತವನ್ನಷ್ಟೇ ಹೇಳುವ ಗ್ರಂಥವದು. ಧನವಾಗಲಿ ಋಣವಾಗಲಿ ವರ್ಗ ಮಾಡಿದರೆ ಧನವೇ ಬರುತ್ತದೆ. ಋಣಸಂಖ್ಯೆ ಸ್ವಭಾವತಃ ಯಾವುದರ ವರ್ಗವೂ ಅಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಅವನು ಖಚಿತವಾಗಿ ಹೇಳಿದ. ಸೊನ್ನೆಯ ಭಾಗಾಕಾರ ಅವನಿಗೂ ಕೈಕೊಟ್ಟಿತು: ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗುವುದಿಲ್ಲ ಎಂದು ಬರೆದ.

1150ರ ಹೊತ್ತಿಗೆ ಎರಡನೆಯ ಭಾಸ್ಕರಾಚಾರ್ಯ ಋಣಸಂಖ್ಯೆಯ ತಲೆಯ ಮೇಲೆ ಚುಕ್ಕೆಯಿಟ್ಟು ಬರೆಯುವ ಕ್ರಮ ಅನುಸರಿಸುತ್ತಿದ್ದ. ‘ಲೀಲಾವತಿ’ಯಲ್ಲಿ 10 ಮತ್ತು 17 ಭುಜಗಳೂ 9 ಪಾದವೂ ಇರುವ ತ್ರಿಭುಜವೊಂದಿದೆ. ಶೃಂಗದಿಂದ ಲಂಬ ಇಳಿಸಿದರೆ ಪಾದದ ಒಂದು ಖಂಡ 15, ಇನ್ನೊಂದು −6 ಎಂದು ಬರುತ್ತದೆ. ಋಣವೆಂದರೆ ಇಲ್ಲಿ ವಿರುದ್ಧ ದಿಕ್ಕು ಎಂದು ಭಾಸ್ಕರ ವಿವರಿಸುತ್ತಾನೆ. ಲಂಬ ಪಾದದ ಆಚೆಗೆ ಬೀಳುತ್ತದೆ, ಅದರ ಉದ್ದ 8. ‘ಬೀಜಗಣಿತ’ದ ಕಪಿಗಳ ಲೆಕ್ಕದಲ್ಲಿ ಅದೇ ಭಾಸ್ಕರ ಹಿಂಜರಿಯುತ್ತಾನೆ. ಹಿಂಡಿನ ಐದನೆಯ ಒಂದು ಭಾಗದಲ್ಲಿ ಮೂರು ಕಳೆದು ವರ್ಗ ಮಾಡಿದಷ್ಟು ಕಪಿಗಳು ಗುಹೆಯಲ್ಲಿವೆ, ಒಂದು ಹೊರಗಿದೆ, ಹಿಂಡಿನಲ್ಲಿ ಎಷ್ಟು? 50 ಮತ್ತು 5 ಎರಡೂ ಸಮೀಕರಣಕ್ಕೆ ಒಪ್ಪುತ್ತವೆ. ಆದರೆ 5ರ ಐದನೆಯ ಭಾಗವಾದ 1ರಲ್ಲಿ 3 ಕಳೆಯಲಾಗದು, ಕಾಣುವ ವಸ್ತು ಋಣವಾಗುವುದನ್ನು ಲೋಕ ಒಪ್ಪದು ಎಂದು 5ನ್ನು ಬಿಟ್ಟುಬಿಡುತ್ತಾನೆ.

ಯುರೋಪಿನಲ್ಲಿ ಈ ಹಿಂಜರಿಕೆ ಇನ್ನೂ ದೀರ್ಘವಾಗಿತ್ತು. 1489ರಲ್ಲಿ ಜರ್ಮನಿಯ ಯೊಹಾನಸ್ ವಿಡ್‌ಮನ್‌ನ ವ್ಯಾಪಾರಗಣಿತದ ಪುಸ್ತಕದಲ್ಲಿ + ಮತ್ತು − ಚಿಹ್ನೆಗಳು ಅಚ್ಚಾದವು. ಆದರೂ ಇಟಲಿಯ ಕಾರ್ಡಾನೊ 1545ರಲ್ಲಿ ಋಣಮೂಲಗಳನ್ನು ಕಲ್ಪಿತವೆಂದ, ಫ್ರಾನ್ಸಿನ ಡೇಕಾರ್ಟ್ 1637ರಲ್ಲಿ ಸುಳ್ಳೆಂದ. ಐದು ಗಜ ಮುಂದೆ ನಡೆದು ಎಂಟು ಗಜ ಹಿಂದೆ ಸರಿದವನು ಹೊರಟ ಜಾಗದಿಂದ ಮೂರು ಗಜ ಹಿಂದಿರುತ್ತಾನೆ, ಅದೇ −3 ಎಂದು ಇಂಗ್ಲೆಂಡಿನ ಜಾನ್ ವಾಲಿಸ್ 1685ರಲ್ಲಿ ತೋರಿಸಿದ. ಇಂದಿನ ಸಂಖ್ಯಾರೇಖೆಯ ಕಲ್ಪನೆ ಇದೇ. ಅಷ್ಟಾದರೂ 1758ರಲ್ಲಿ ಫ್ರಾನ್ಸಿಸ್ ಮಸೇರೆಸ್ ಋಣಸಂಖ್ಯೆಗಳನ್ನು ಬೀಜಗಣಿತದಿಂದಲೇ ಹೊರಗಿಡಬೇಕೆಂದು ವಾದಿಸಿದ.

ಈ ತಕರಾರು ಬಗೆಹರಿದದ್ದು 19ನೆಯ ಶತಮಾನದಲ್ಲಿ. ಋಣಸಂಖ್ಯೆ ಯಾವ ವಸ್ತು ಎಂದು ಕೇಳುವುದನ್ನು ಬಿಟ್ಟು, ಗಣಿತಜ್ಞರು ಅದನ್ನು ಸ್ವಾಭಾವಿಕ ಸಂಖ್ಯೆಗಳಿಂದಲೇ ಕಟ್ಟಿದರು. (2, 5), (3, 6), (4, 7) ಜೋಡಿಗಳಲ್ಲಿ ಮೊದಲನೆಯದು ಎರಡನೆಯದಕ್ಕಿಂತ ಮೂರು ಕಡಿಮೆ. ಇಂಥ ಎಲ್ಲ ಜೋಡಿಗಳ ಗಣಕ್ಕೇ −3 ಎಂದು ಹೆಸರು. ಇದರಿಂದ ಯಾವ ಎರಡು ಪೂರ್ಣಾಂಕಗಳ ನಡುವೆಯೂ ವ್ಯವಕಲನ ಸಾಧ್ಯವಾಯಿತು. ಪೂರ್ಣಾಂಕಗಳ ಜೋಡಿಗಳಿಂದ ಇದೇ ರೀತಿ ಭಾಗಲಬ್ಧ ಸಂಖ್ಯೆಗಳನ್ನು ಕಟ್ಟಿದಾಗ, ಸೊನ್ನೆಯೊಂದನ್ನು ಬಿಟ್ಟು ಉಳಿದ ಯಾವುದರಿಂದಲಾದರೂ ಭಾಗಿಸುವುದು ಸಾಧ್ಯವಾಯಿತು. ವರ್ಗಮೂಲ 2ರಂಥ ಅಭಾಗಲಬ್ಧ ಸಂಖ್ಯೆಗಳನ್ನೂ ಒಳಗೊಳ್ಳುವ ವಾಸ್ತವ ಸಂಖ್ಯೆಗಳಿಗೆ ರಿಚರ್ಡ್ ಡೆಡೆಕಿಂಡ್ 1872ರಲ್ಲಿ ತಳಹದಿ ಹಾಕಿದ. ಸ್ವಾಭಾವಿಕ ಸಂಖ್ಯೆಗಳಿಗೆ ಜುಸೆಪ್ಪೆ ಪೆಯಾನೊ 1889ರಲ್ಲಿ ಸ್ವಯಂಸಿದ್ಧಗಳನ್ನು ಕೊಟ್ಟ. ಮಹಾವೀರಾಚಾರ್ಯ ಇಲ್ಲವೆಂದಿದ್ದ ಋಣದ ವರ್ಗಮೂಲ ವಾಸ್ತವ ಸಂಖ್ಯೆಗಳಲ್ಲಿ ಇಂದಿಗೂ ಇಲ್ಲ. ಅದು ಸಿಗುವುದು ಅವನ್ನು ದಾಟಿದ ಸಂಕೀರ್ಣ ಸಂಖ್ಯೆಗಳಲ್ಲಿ.