ಬತ್ತಿ ಆರಿದ ಮೇಲೆ ನೀರೇಕೆ ಏರಿತು?

ಎಂಟನೇ ಕ್ಲಾಸಿನಲ್ಲಿ ನಮ್ಮ ಮೇಷ್ಟ್ರು ಮಾಡಿ ತೋರಿಸಿದ ಪ್ರಯೋಗ ನಿಮಗೂ ನೆನಪಿರಬಹುದು. ತಟ್ಟೆಯಲ್ಲಿ ನೀರು, ನಡುವೆ ಉರಿಯುವ ಮೇಣದ ಬತ್ತಿ, ಅದರ ಮೇಲೆ ಬೋರಲು ಹಾಕಿದ ಗಾಜಿನ ಲೋಟ. ಬತ್ತಿ ಆರಿತು, ನೀರು ಲೋಟದೊಳಗೆ ಏರಿತು. "ಆಮ್ಲಜನಕ ಖಾಲಿಯಾಯಿತು, ಆ ಜಾಗಕ್ಕೆ ನೀರು ಬಂತು" ಎಂದು ನೋಟ್ಸ್ ಬರೆಸಿದರು.

"ಸಾರ್, ಬತ್ತಿ ಆರಿದ ಮೇಲೇ ನೀರು ಜಾಸ್ತಿ ಏರಿತಲ್ಲ?" ಎಂದೆ.

"ಪರೀಕ್ಷೆಗೆ ಇಷ್ಟೇ ಬರಿಯಪ್ಪ, ಕೂತ್ಕೋ" ಎಂದರು. ಕೂತೆ. ಆ ಪ್ರಶ್ನೆ ಮಾತ್ರ ತಲೆಯಲ್ಲೇ ಉಳಿಯಿತು.

ಈ ಪ್ರಯೋಗಕ್ಕೆ ಎರಡು ಸಾವಿರ ವರ್ಷಕ್ಕಿಂತ ಹೆಚ್ಚು ವಯಸ್ಸು. ಕ್ರಿಸ್ತಪೂರ್ವ 3ನೇ ಶತಮಾನದಲ್ಲೇ ಬೈಜಾಂಟಿಯಂ ಊರಿನ ಫಿಲೋ ಎಂಬ ಗ್ರೀಕ್ ಯಂತ್ರತಜ್ಞ ಇದರ ಬಗ್ಗೆ ಬರೆದಿದ್ದ. ಗಾಳಿಯ ಒಂದು ಭಾಗ ಬೆಂಕಿಯಾಗಿ, ಪಾತ್ರೆಯ ಕಣ್ಣಿಗೆ ಕಾಣದ ತೂತುಗಳಿಂದ ಹೊರಗೆ ಹೋಗುತ್ತದೆ ಎಂಬುದು ಅವನ ಲೆಕ್ಕ.

18ನೇ ಶತಮಾನದ ಯುರೋಪಿನಲ್ಲಿ ಇನ್ನೊಂದು ಉತ್ತರ ನಡೆಯುತ್ತಿತ್ತು. ಉರಿಯುವ ವಸ್ತುವಿನಿಂದ 'ಫ್ಲಾಜಿಸ್ಟಾನ್' ಎಂಬುದು ಹೊರಬರುತ್ತದೆ, ಗಾಳಿಯಲ್ಲಿ ಅದು ತುಂಬಿಕೊಂಡರೆ ಬೆಂಕಿ ಆರುತ್ತದೆ ಎಂದು ದೊಡ್ಡ ದೊಡ್ಡ ಪಂಡಿತರೇ ನಂಬಿದ್ದರು. 1774ರ ಆಗಸ್ಟ್ 1ರಂದು ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ ಪಾದರಸದ ಕೆಂಪು ಭಸ್ಮವನ್ನು ಭೂತಗನ್ನಡಿಯಿಂದ ಬಿಸಿಲು ಹಾಯಿಸಿ ಕಾಯಿಸಿದರು. ಅದರಿಂದ ಬಂದ ಅನಿಲದಲ್ಲಿ ಮೇಣದ ಬತ್ತಿ ಧಗಧಗ ಉರಿಯಿತು. ಆದರೂ ಅವರು ಹಳೆಯ ನಂಬಿಕೆ ಬಿಡಲಿಲ್ಲ. ಪ್ಯಾರಿಸಿನ ಲಾವೋಸಿಯೆ ತಕ್ಕಡಿ ಹಿಡಿದರು. ಗಂಧಕ, ರಂಜಕ ಉರಿದ ಮೇಲೆ ತೂಕ ಕಡಿಮೆಯಾಗುವ ಬದಲು ಹೆಚ್ಚಾಗಿತ್ತು! ಅಂದರೆ ಉರಿಯುವಾಗ ಏನೋ ಹೊರಗೆ ಹೋಗುವುದಲ್ಲ, ಗಾಳಿಯಿಂದ ಏನೋ ಬಂದು ಸೇರುತ್ತದೆ. ಅದಕ್ಕೆ ಅವರಿಟ್ಟ ಹೆಸರೇ ಆಕ್ಸಿಜನ್.

ಹಾಗಾದರೆ ನಮ್ಮ ಲೋಟದ ಕತೆ? ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇ 21. ಅದು ಶೇ 16ರ ಆಸುಪಾಸಿಗೆ ಇಳಿದರೆ ಸಾಕು, ಬತ್ತಿ ಆರುತ್ತದೆ, ಪೂರ್ತಿ ಖಾಲಿಯಾಗುವುದಿಲ್ಲ. ಉರಿದಾಗ ಇಂಗಾಲದ ಡೈಆಕ್ಸೈಡ್ ಕೂಡ ಹುಟ್ಟುತ್ತದೆ. ನೀರು ಏರಲು ಮುಖ್ಯ ಕಾರಣ ಶಾಖ. ಬಿಸಿಗೆ ಹಿಗ್ಗಿದ ಗಾಳಿ ಆರಿದ ಮೇಲೆ ತಣ್ಣಗಾಗಿ ಕುಗ್ಗುತ್ತದೆ, ಹೊರಗಿನ ಗಾಳಿ ನೀರನ್ನು ಒಳಕ್ಕೆ ಒತ್ತುತ್ತದೆ.

ಅನುಮಾನವಿದ್ದರೆ ಅದೇ ಲೋಟದಡಿ ಮೂರು ಬತ್ತಿ ಹಚ್ಚಿ ನೋಡಿ. ಲೋಟದಲ್ಲಿರುವ ಆಮ್ಲಜನಕ ಅಷ್ಟೇ, ಆದರೆ ನೀರು ಇನ್ನೂ ಮೇಲೆ ಏರುತ್ತದೆ.

ಮೊನ್ನೆ ಅಣ್ಣನ ಮಗಳ ನೋಟ್‌ಬುಕ್ ನೋಡಿದೆ. ಅದೇ ಹಳೆಯ ಉತ್ತರ, ಪಕ್ಕದಲ್ಲಿ ಕೆಂಪು ಇಂಕಿನ ರೈಟ್ ಗುರುತು. ಆ ರಾತ್ರಿ ಅಡುಗೆಮನೆಯಲ್ಲಿ ಇಬ್ಬರೂ ಕೂತು ಮೂರು ಬತ್ತಿ ಹಚ್ಚಿದೆವು. ಈ ಸಲ ಅವಳು ಕೇಳಿದಳು, ಯಾರೂ ಕೂತ್ಕೋ ಅನ್ನಲಿಲ್ಲ.