ಚಕ್ರ ಎಣಿಸಿದ ಮೈಲಿಗಳು

ದೂರವನ್ನು ಹೇಳುವುದಕ್ಕೆ ನಮ್ಮ ಹಿರಿಯರ ಬಳಿ ಮಾತುಗಳಿಗೆ ಬರವಿರಲಿಲ್ಲ. ಕೂಗಳತೆ, ಹರದಾರಿ, ಗಾವುದ ಎಂದೆಲ್ಲ ಹೇಳುತ್ತಿದ್ದರು. ಆದರೆ ಒಬ್ಬನ ಕೂಗು ಮತ್ತೊಬ್ಬನ ಕೂಗಿಗಿಂತ ದೂರ ಕೇಳಿಸೀತು. ಹರದಾರಿ ಎಂದರೆ ಸುಮಾರು ಮೂರು ಮೈಲಿ ಎಂದು ಒಪ್ಪಿಕೊಂಡರೂ, ದಣಿದವನಿಗೆ ಅದು ನಾಲ್ಕಾಗುತ್ತಿತ್ತು. ಸಾಗಿದ ದಾರಿಯ ಲೆಕ್ಕವನ್ನು ಸಾಗಿದವನ ಮಾತಿಗೇ ಬಿಡದೆ ಚಕ್ರದ ಬಾಯಿಂದ ಹೇಳಿಸುವ ಪ್ರಯತ್ನ ಬಹಳ ಹಳೆಯದು. ಅದು ಸೈಕಲ್ಲಿನವರೆಗೆ ಬಂದು ತಲುಪಿದ ಬಗೆಯನ್ನು ಈ ಸಲ ಬರೆಯುತ್ತಿದ್ದೇನೆ. ನನ್ನ ಬಳಿ ಗಣಿತ ಕಲಿತವರಿಗೆ ಇದರಲ್ಲಿ ಹಳೆಯ ಪರಿಚಿತರು ಒಬ್ಬಿಬ್ಬರು ಎದುರಾಗಬಹುದು.

ಕ್ರಿಸ್ತಪೂರ್ವ ಒಂದನೆಯ ಶತಮಾನದ ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ತನ್ನ ಗ್ರಂಥದ ಹತ್ತನೆಯ ಭಾಗದಲ್ಲಿ ದೂರ ಅಳೆಯುವ ಬಂಡಿಯೊಂದನ್ನು ವಿವರಿಸಿದ್ದಾನೆ. ಬಂಡಿಯ ಚಕ್ರದ ವ್ಯಾಸ ನಾಲ್ಕು ಅಡಿ. ಅದು ಒಂದು ಸುತ್ತು ಉರುಳಿದರೆ ಹನ್ನೆರಡೂವರೆ ಅಡಿ. ಚಕ್ರ ಒಮ್ಮೆ ಸುತ್ತಿದಾಗ 400 ಹಲ್ಲುಗಳ ಇನ್ನೊಂದು ಚಕ್ರ ಒಂದು ಹಲ್ಲಿನಷ್ಟು ಮುಂದೆ ಸರಿಯುತ್ತದೆ. 400 ಸುತ್ತಾದರೆ 5,000 ಅಡಿ, ಅಂದರೆ ಒಂದು ರೋಮನ್ ಮೈಲಿ. ಆಗ ಒಂದು ಕಲ್ಲುಹರಳು ಕಂಚಿನ ಪಾತ್ರೆಗೆ ಟಣ್ಣೆಂದು ಬೀಳುತ್ತದೆ. ಸಂಜೆ ಹರಳುಗಳನ್ನು ಎಣಿಸಿದರೆ ಅಂದಿನ ಪ್ರಯಾಣದ ಲೆಕ್ಕ ಸಿಗುತ್ತದೆ. ಪ್ರಾಚೀನ ಚೀನದಲ್ಲಿಯೂ ಇಂಥ ಬಂಡಿಗಳಿದ್ದವು. ಅಲ್ಲಿ ಹರಳಿನ ಬದಲು ಮರದ ಗೊಂಬೆಯೊಂದು ಡೋಲು ಬಾರಿಸಿ ದೂರವನ್ನು ಸಾರುತ್ತಿತ್ತು.

ಚಕ್ರವನ್ನು ಒಯ್ಯಲಾಗದ ಕಡೆ ಮನುಷ್ಯನೇ ಯಂತ್ರವಾಗಬೇಕಾಯಿತು. 1865-66ರಲ್ಲಿ ಬ್ರಿಟಿಷ್ ಸರ್ವೆ ಇಲಾಖೆಯ ಪರವಾಗಿ ವೇಷ ಮರೆಸಿಕೊಂಡು ಲಾಸಾಕ್ಕೆ ಹೋದ ಕುಮಾವೂಂನ ನೈನ್ ಸಿಂಗ್, ದಾರಿಯುದ್ದಕ್ಕೂ ತನ್ನ ಹೆಜ್ಜೆಗಳನ್ನು ಎಣಿಸಿದ. ಅವನ ಜಪಮಾಲೆಯಲ್ಲಿ 108ರ ಬದಲು 100 ಮಣಿಗಳಿದ್ದವು. ನೂರು ಹೆಜ್ಜೆಗೆ ಒಂದು ಮಣಿ ಸರಿಸಿದರೆ, ಮಾಲೆ ಒಂದು ಸುತ್ತು ಮುಗಿಯುವ ಹೊತ್ತಿಗೆ ಹತ್ತು ಸಾವಿರ ಹೆಜ್ಜೆ. ನೋಡಿದವರಿಗೆ ಅದು ಜಪ, ಅವನಿಗೆ ಅದು ಲೆಕ್ಕ.

ಇನ್ನು ಸೈಕಲ್ಲಿಗೆ ಬರೋಣ. ಎರಡೂ ಚಕ್ರಗಳು ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿರುವ ರೋವರ್ ಸೈಕಲ್ 1885ರಲ್ಲಿ ಬಂದಿತು. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ. ಸವಾರಿ ಸುಖಕರವಾದೊಡನೆ ಜನ ಊರೂರು ಸುತ್ತತೊಡಗಿದರು. ಸುತ್ತಿದವರಿಗೆಲ್ಲ ಎಷ್ಟು ದೂರ ಹೋದೆವೆಂದು ತಿಳಿಯುವ ಆಸೆ ಹುಟ್ಟಿತು. ಆ ಆಸೆಗೆ ಅಗ್ಗದ, ಪುಟ್ಟ, ಗಟ್ಟಿ ಉಪಕರಣವನ್ನು ಒದಗಿಸಿದವನು ಅಮೆರಿಕದ ಕರ್ಟಿಸ್ ವೀಡರ್. 1895ರಲ್ಲಿ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ನಗರದಲ್ಲಿ ಅವನ ಕಂಪನಿ ಆರಂಭವಾಯಿತು. ಪ್ರಸಿದ್ಧ ಕೊಲಂಬಿಯಾ ಸೈಕಲ್ಲುಗಳು ತಯಾರಾಗುತ್ತಿದ್ದುದೂ ಅದೇ ಊರಿನಲ್ಲಿ. ಇಂಗ್ಲೆಂಡಿನಲ್ಲಿ ಸೈಕಲ್ ದೀಪಗಳಿಗೆ ಹೆಸರಾದ ಬರ್ಮಿಂಗ್‌ಹ್ಯಾಮಿನ ಲೂಕಸ್ ಕಂಪನಿಯೂ ಇಂಥ ಮೀಟರುಗಳನ್ನು ಮಾಡಿತು.

ಇದರ ಕೆಲಸ ನೋಡಲು ಬಲು ಸರಳ. ಮುಂಚಕ್ರದ ಒಂದು ಕಡ್ಡಿಗೆ ಸಣ್ಣ ಮೊಳೆಯಂಥ ತುಂಡೊಂದನ್ನು ಬಿಗಿಯುತ್ತಾರೆ. ಮೀಟರನ್ನು ಅಚ್ಚಿನ ಬಳಿ ಕೂರಿಸುತ್ತಾರೆ. ಅದರ ಹೊರಮೈಯಲ್ಲಿ ಐದು ಮೂಲೆಯ ನಕ್ಷತ್ರದಾಕಾರದ ಪುಟ್ಟ ಗಾಲಿ. ಚಕ್ರ ಒಮ್ಮೆ ಸುತ್ತಿದಾಗ ಮೊಳೆ ನಕ್ಷತ್ರದ ಒಂದು ಮೂಲೆಯನ್ನು ತಟ್ಟಿ ಮುಂದೂಡುತ್ತದೆ. ಸವಾರಿಯುದ್ದಕ್ಕೂ ಕೇಳುವ ಟಿಕ್ ಟಿಕ್ ಸದ್ದು ಅದರದೇ.

ಕಿಲೋಮೀಟರಿನ ಕಾಲದಲ್ಲಿ ಬೆಳೆದವರಿಗಾಗಿ ನೆನಪಿಸುತ್ತೇನೆ: ಒಂದು ಮೈಲಿ ಎಂದರೆ 1,760 ಗಜ, ಅಂದರೆ 63,360 ಅಂಗುಲ. ಚಕ್ರದ ವ್ಯಾಸ 28 ಅಂಗುಲವಾದರೆ, 22/7ರಿಂದ ಗುಣಿಸಿದಾಗ ಸುತ್ತಳತೆ 88 ಅಂಗುಲ. 63,360ನ್ನು 88ರಿಂದ ಭಾಗಿಸಿ. ಶೇಷವಿಲ್ಲದೆ 720 ಬರುತ್ತದೆ! ನಕ್ಷತ್ರಕ್ಕೆ ಐದು ಮೂಲೆಗಳಿರುವುದರಿಂದ ಮೈಲಿಗೆ ಅದರ ಸುತ್ತು 144. ಒಂಬತ್ತನೆಯ ತರಗತಿಯಲ್ಲಿ ವೃತ್ತದ ಪಾಠ ಮಾಡುವಾಗ ನಾನು ಈ ಲೆಕ್ಕವನ್ನು ಹಲಗೆಯ ಮೇಲೆ ಬರೆಯುತ್ತಿದ್ದೆ. ಅಷ್ಟು ಚೊಕ್ಕಟವಾಗಿ ಉತ್ತರ ಬಂದಾಗ ಹಿಂದಿನ ಬೆಂಚಿನವರ ಮುಖವೂ ಅರಳುತ್ತಿತ್ತು.

ಮೀಟರಿನೊಳಗಿನ ಹಲ್ಲುಗಾಲಿಗಳು ಈ ಸುತ್ತುಗಳನ್ನು ಕುಗ್ಗಿಸಿ ಅಂಕಿಗಳ ಉರುಳೆಗಳಿಗೆ ಒಪ್ಪಿಸುತ್ತವೆ. ಒಂದು ಉರುಳೆ 9 ದಾಟಿ ಸೊನ್ನೆಗೆ ಬಂದಾಗ ಎಡಗಡೆಯದು ಒಂದು ಮನೆ ಮುಂದೆ ಸರಿಯುತ್ತದೆ. ಕೂಡುವ ಲೆಕ್ಕದಲ್ಲಿ ಸೊನ್ನೆ ಬರೆದು ದಶಕ ಒಂದನ್ನು ಮುಂದಕ್ಕೆ ಒಯ್ಯುತ್ತೇವಲ್ಲ, ಅದೇ ಇದು, ಹಿತ್ತಾಳೆಯಲ್ಲಿ.

ಇಲ್ಲಿ ಒಂದು ಸೂಕ್ಷ್ಮವಿದೆ. ಈ ಯಂತ್ರಕ್ಕೆ ದೂರ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಸುತ್ತು ಮಾತ್ರ. ಆದ್ದರಿಂದ 26 ಅಂಗುಲದ ಚಕ್ರಕ್ಕೆ ಬೇರೆ ಮೀಟರು, 28ಕ್ಕೆ ಬೇರೆ. 28ರ ಮೀಟರನ್ನು 26ರ ಚಕ್ರಕ್ಕೆ ಹಾಕಿದರೆ ಅದು 100 ಮೈಲಿ ತೋರಿಸಿದಾಗ ನಿಜವಾಗಿ ಸಾಗಿದ್ದು 93 ಮೈಲಿಗೂ ತುಸು ಕಡಿಮೆ. ಯಂತ್ರ ಎಣಿಕೆಯಲ್ಲಿ ತಪ್ಪಲಿಲ್ಲ, ಆದರೂ ಉತ್ತರ ಸುಳ್ಳು. ಇನ್ನು, ಸೈಕಲ್ಲನ್ನು ತಲೆಕೆಳಗಾಗಿಸಿ ಜಗುಲಿಯ ಮೇಲೆ ಕೂತು ಚಕ್ರ ತಿರುಗಿಸಿದವನಿಗೂ ಅದು ನಿಷ್ಠೆಯಿಂದ ಮೈಲಿ ಕೊಡುತ್ತದೆ.

ಈ ಸಂಗತಿ ದಾಖಲೆಗಳನ್ನು ಬರೆಯುವವರಿಗೆ ಚೆನ್ನಾಗಿ ತಿಳಿದಿತ್ತು. ವರ್ಷವೊಂದರಲ್ಲಿ ಅತಿ ಹೆಚ್ಚು ದೂರ ಸೈಕಲ್ ತುಳಿಯುವ ಸ್ಪರ್ಧೆಯನ್ನು ಇಂಗ್ಲೆಂಡಿನ ‘ಸೈಕ್ಲಿಂಗ್’ ಪತ್ರಿಕೆ 1911ರಲ್ಲಿ ಏರ್ಪಡಿಸಿತು. ಆ ವರ್ಷ ಮಾರ್ಸೆಲ್ ಪ್ಲೇನ್ಸ್ 34,366 ಮೈಲಿ ತುಳಿದ. 1938ರಲ್ಲಿ ಇಪ್ಪತ್ತನಾಲ್ಕರ ಯುವತಿ ಬಿಲ್ಲಿ ಡೋವಿ (ಮುಂದೆ ಬಿಲ್ಲಿ ಫ್ಲೆಮಿಂಗ್ ಎಂದು ಹೆಸರಾದವರು) ಒಂದು ದಿನವೂ ಬಿಡದೆ ತುಳಿದು 29,603.7 ಮೈಲಿ ಪೂರೈಸಿದರು. ಆ ದಶಾಂಶದ ಮುಂದಿನ 7 ದೂರಮಾಪಕದ ಕೊಡುಗೆ. ಆದರೆ ಮಾಪಕದ ಅಂಕಿಯೊಂದೇ ಸಾಲದೆಂದು, ದಾರಿಯಲ್ಲಿ ಸಿಕ್ಕವರಿಂದ ಚೀಟಿಗೆ ಸಹಿ ಮಾಡಿಸಿ ಪತ್ರಿಕೆಗೆ ಕಳುಹಿಸಬೇಕಾಗಿತ್ತು. ಎಣಿಕೆ ಯಂತ್ರದ್ದು, ಸಾಕ್ಷ್ಯ ಮನುಷ್ಯರದು.

1939ರಲ್ಲಿ ಟಾಮಿ ಗಾಡ್ವಿನ್ ಎಂಬಾತ 75,065 ಮೈಲಿ ತುಳಿದ. ದಿನಕ್ಕೆ ಸರಾಸರಿ 205 ಮೈಲಿಗೂ ಹೆಚ್ಚು! ಸೆಪ್ಟೆಂಬರಿನಲ್ಲಿ ಯುದ್ಧ ಆರಂಭವಾಗಿ, ರಾತ್ರಿ ದೀಪಗಳಿಗೆ ಮುಸುಕು ಹಾಕಬೇಕಾಗಿ ಬಂದಾಗಲೂ ಆತ ನಿಲ್ಲಿಸಲಿಲ್ಲ. ಆ ದಾಖಲೆ 2016ರವರೆಗೆ ಉಳಿಯಿತು. ಅದನ್ನು ಮುರಿದ ಅಮೆರಿಕದ ಕರ್ಟ್ ಸೀರ್‌ವೋಗಲ್‌ನ ದಾರಿಯ ಲೆಕ್ಕ ಇಟ್ಟದ್ದು ಉಪಗ್ರಹ ಆಧಾರಿತ ಜಿಪಿಎಸ್.

ವೀಡರನ ಕಂಪನಿ 1928ರಲ್ಲಿ ರೂಟ್ ಎಂಬ ಕಂಪನಿಯೊಡನೆ ಸೇರಿ ವೀಡರ್-ರೂಟ್ ಆಯಿತು. ಮಗ್ಗಗಳಿಗೆ, ಪೆಟ್ರೋಲ್ ಪಂಪುಗಳಿಗೆ ಎಣಿಸುವ ಯಂತ್ರಗಳನ್ನು ಒದಗಿಸಿತು. ಪೆಟ್ರೋಲ್ ಬಂಕಿನಲ್ಲಿ ಗರಗರನೆ ಉರುಳುತ್ತಿದ್ದ ಅಂಕಿಗಳನ್ನು ನೀವು ಕಂಡಿದ್ದರೆ, ಅವು ಈ ಸೈಕಲ್ ಮೀಟರಿನ ವಂಶದವೇ ಎಂದು ತಿಳಿಯಿರಿ. 1980ರ ದಶಕದಲ್ಲಿ ಅಯಸ್ಕಾಂತದಿಂದ ನಡೆಯುವ ಎಲೆಕ್ಟ್ರಾನಿಕ್ ಮೀಟರು ಬಂದು ನಕ್ಷತ್ರದ ಗಾಲಿಯನ್ನು ಮೂಲೆಗೆ ಸರಿಸಿತು.

ಆದರೆ ಆ ಹೊಸ ಮೀಟರೂ ಮೊದಲು ಕೇಳುವುದು ಚಕ್ರದ ಸುತ್ತಳತೆಯನ್ನೇ. ಮನೆಯಲ್ಲಿ ಮಕ್ಕಳಿಗೆ ಸೈಕಲ್ ಇದ್ದರೆ ಒಂದು ಕೆಲಸ ಮಾಡಿಸಿ. ಟೈರಿನ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ, ಮಗುವನ್ನು ಸೀಟಿನ ಮೇಲೆ ಕೂರಿಸಿ, ಒಂದು ಸುತ್ತು ಉರುಳಿಸಿ ನೆಲದ ಮೇಲೆ ಅಳೆಯಿರಿ. ಸವಾರನ ಭಾರಕ್ಕೆ ಟೈರು ತುಸು ಅಮರುವುದರಿಂದ ಪುಸ್ತಕದ ಲೆಕ್ಕಕ್ಕಿಂತ ಸ್ವಲ್ಪ ಕಡಿಮೆ ಬಂದೀತು. ಆ ವ್ಯತ್ಯಾಸ ಏಕೆಂದು ಮಗು ಕೇಳಿದರೆ, ಉತ್ತರವನ್ನು ಕೂಡಲೇ ಹೇಳಿಬಿಡಬೇಡಿ.